ಬರಿದಾದ ಕುಳಿ: ಹಲ್ಲು ಕಿತ್ತ ಮೇಲಿನ ನೋವು ಮತ್ತು ಬಾಯಿಯ ಬ್ಯಾಕ್ಟೀರಿಯಾ



ಹಲ್ಲು ಕೀಳಿಸಿಕೊಂಡವರು ಮೊದಲ ದಿನ ನೋವಿಗೆ ಸಿದ್ಧರಾಗಿಯೇ ಇರುತ್ತಾರೆ. ಮರುದಿನ ಅದು ತಗ್ಗಿತೆಂದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಮೂರನೆಯ ದಿನದ ಹೊತ್ತಿಗೆ ನೋವು ಮತ್ತೆ ಏಳುತ್ತದೆ. ಈ ಸಲ ಅದು ಕಿವಿಯವರೆಗೂ ಹಬ್ಬುತ್ತದೆ, ನಿದ್ದೆ ಕೆಡಿಸುತ್ತದೆ, ಬಾಯಿ ನಾರುತ್ತದೆ. ಕುಳಿಯಲ್ಲಿ ಇರಬೇಕಾದ ಕಡುಗೆಂಪು ಹೆಪ್ಪು ಅಲ್ಲಿಲ್ಲ. ಇರುವುದು ಬೂದುಬಣ್ಣದ ಕೊಳೆ, ಅದರಡಿಯಲ್ಲಿ ಬರಿಯ ಮೂಳೆ. ವೈದ್ಯರು ಡ್ರೈ ಸಾಕೆಟ್ ಎನ್ನುವುದು ಇದನ್ನೇ. 1896ರಲ್ಲಿ ಅಮೆರಿಕದ ದಂತವೈದ್ಯ ಕ್ರಾಫರ್ಡ್ ಇದನ್ನು ಮೊದಲು ವರ್ಣಿಸಿದರು. ಸಾಮಾನ್ಯವಾಗಿ ಹಲ್ಲು ಕಿತ್ತಾಗ ನೂರರಲ್ಲಿ 1ರಿಂದ 5 ಮಂದಿಗೆ ಬರುವ ಈ ತೊಂದರೆ, ಕೆಳದವಡೆಯಲ್ಲಿ ಹೂತುಕೊಂಡ ಬುದ್ಧಿಹಲ್ಲು ತೆಗೆದಾಗ ಕೆಲವು ವರದಿಗಳಲ್ಲಿ 30ರವರೆಗೂ ಏರಿದೆ.

ಹೆಪ್ಪು ಎಲ್ಲಿಗೆ ಹೋಯಿತು? ಜೋರಾಗಿ ಮುಕ್ಕಳಿಸಿದಿರಿ, ಉಗುಳಿದಿರಿ, ಅದಕ್ಕೇ ಕಿತ್ತುಬಂತು ಎಂದು ರೋಗಿಯನ್ನೇ ದೂರುವುದು ರೂಢಿ. ಈ ದೂರು ಬಹಳ ಸಲ ಅನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ. ಡೆನ್ಮಾರ್ಕಿನ ಬಿರ್ನ್ 1973ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ಹೆಪ್ಪು ಕಿತ್ತುಬರುವುದಿಲ್ಲ, ಕರಗುತ್ತದೆ. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬಲೆ ಹೆಣೆದು ರಕ್ತಕಣಗಳನ್ನು ಹಿಡಿದಿಡುತ್ತದೆ. ಅದೇ ರಕ್ತದಲ್ಲಿ ಪ್ಲಾಸ್ಮಿನೋಜನ್ ಎಂಬ ಇನ್ನೊಂದು ಪ್ರೋಟೀನೂ ಸುಮ್ಮನೆ ಮಲಗಿರುತ್ತದೆ. ಎದ್ದರೆ ಅದು ಪ್ಲಾಸ್ಮಿನ್ ಆಗಿ ಆ ಬಲೆಯನ್ನೇ ತುಂಡರಿಸುತ್ತದೆ. ಹಲ್ಲು ಕೀಳುವಾಗ ಜಜ್ಜಿಹೋದ ಮೂಳೆಯಿಂದ ಹೊರಬರುವ ವಸ್ತುಗಳು ಅದನ್ನು ಎಬ್ಬಿಸುತ್ತವೆ. ಜೊತೆಗೆ ಕೈನಿನ್ ಎಂಬ ನೋವು ಹುಟ್ಟಿಸುವ ಪದಾರ್ಥಗಳೂ ಅಲ್ಲಿ ತಯಾರಾಗುತ್ತವೆ.

ಎಬ್ಬಿಸುವ ಕೆಲಸದಲ್ಲಿ ಬ್ಯಾಕ್ಟೀರಿಯಾಗಳೂ ನಿಪುಣ. ಕೆಲವು ಸ್ಟ್ರೆಪ್ಟೊಕಾಕಸ್‌ಗಳು ಮನುಷ್ಯರ ರಕ್ತದ ಹೆಪ್ಪನ್ನು ಕರಗಿಸುತ್ತವೆ ಎಂದು ಟಿಲೆಟ್ ಮತ್ತು ಗಾರ್ನರ್ 1933ರಲ್ಲೇ ತೋರಿಸಿದ್ದರು. ಹಾಗೆ ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ಪದಾರ್ಥ ಮುಂದೆ ಹೃದಯಾಘಾತದ ಔಷಧವಾಯಿತು. ಡ್ರೈ ಸಾಕೆಟ್‌ನ ಮಟ್ಟಿಗೆ ಹೆಚ್ಚು ಕುತೂಹಲದ ಸುಳಿವು ಸಿಕ್ಕಿದ್ದು 1978ರಲ್ಲಿ. ಇಸ್ರೇಲಿನ ಡೊರಿಟ್ ನಿಟ್ಜಾನ್ ಮತ್ತು ಸಂಗಡಿಗರು ಆಮ್ಲಜನಕ ಬೇಡದ ಬಾಯಿಯ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದಾಗ, ಟ್ರೆಪೊನೀಮಾ ಡೆಂಟಿಕೋಲಾ ಎಂಬ ತಿರುಪಿನಾಕಾರದ ಜೀವಿ ಪ್ಲಾಸ್ಮಿನ್‌ನಂತೆಯೇ ಫೈಬ್ರಿನನ್ನು ಕರಗಿಸುವುದು ಕಂಡಿತು. ಇದು ವಸಡಿನ ರೋಗದಲ್ಲೂ ಹೇರಳವಾಗಿರುವ ಜೀವಿ. ಚಿಕ್ಕ ಮಕ್ಕಳ ಹಲ್ಲು ಕಿತ್ತರೆ ಡ್ರೈ ಸಾಕೆಟ್ ಬರುವುದು ತೀರ ಅಪರೂಪ. ಇಂಥ ಬ್ಯಾಕ್ಟೀರಿಯಾಗಳು ಅವರ ಬಾಯಲ್ಲಿ ಇನ್ನೂ ಬೀಡುಬಿಟ್ಟಿರುವುದಿಲ್ಲ ಎಂಬುದನ್ನು ನಿಟ್ಜಾನ್ ತಮ್ಮ ವಾದಕ್ಕೆ ಆಧಾರವಾಗಿ ಹಿಡಿದರು. ಬುದ್ಧಿಹಲ್ಲಿನ ಸುತ್ತ ವಸಡು ಮೊದಲೇ ಬಾತು ಕೀವಾದವರಲ್ಲಿ, ಬಾಯಿ ಶುಚಿ ಇಲ್ಲದವರಲ್ಲಿ ತೊಂದರೆ ಹೆಚ್ಚು ಎಂಬ ಅನುಭವವೂ ಇದಕ್ಕೆ ಕೂಡಿಬರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಬರಿದಾದ ಕುಳಿಯಲ್ಲಿ ಅನ್ನದಗುಳು, ಎಂಜಲು ಸೇರಿ ಬ್ಯಾಕ್ಟೀರಿಯಾ ಬೆಳೆದೇ ಬೆಳೆಯುತ್ತದೆ. ಹಾಗಾಗಿ ಅಲ್ಲಿ ಅದು ಸಿಕ್ಕಿದ ಮಾತ್ರಕ್ಕೆ ಕೆಡಿಸಿದ್ದು ಅದೇ ಎನ್ನುವಂತಿಲ್ಲ. ಬೀಡಿ ಸಿಗರೇಟು, ಕಷ್ಟಪಟ್ಟು ಕಿತ್ತ ಹಲ್ಲು, ಕೆಲವು ಗರ್ಭನಿರೋಧಕ ಗುಳಿಗೆಗಳ ಹಾರ್ಮೋನು, ಇವೂ ಲೆಕ್ಕಕ್ಕೆ ಬರುತ್ತವೆ. ಬ್ಯಾಕ್ಟೀರಿಯಾ ಒಬ್ಬಂಟಿ ಅಪರಾಧಿಯಲ್ಲ, ಆದರೂ ಪಾಲುದಾರ ಎಂಬಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಈ ಪಾಲುದಾರಿಕೆಯ ಬಗೆಯನ್ನು ಸರಿಯಾಗಿ ತಿಳಿಯುವುದು ಮುಖ್ಯ. ಡ್ರೈ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ಕೀವಿಲ್ಲ, ಜ್ವರವಿಲ್ಲ, ಮುಖ ಊದುವುದಿಲ್ಲ. ಇಲ್ಲಿ ಬ್ಯಾಕ್ಟೀರಿಯಾಗಳು ಊತಕದೊಳಗೆ ನುಗ್ಗುವುದಿಲ್ಲ. ಹೊರಗೇ ಇದ್ದು ತಮ್ಮ ಕಿಣ್ವಗಳಿಂದ ಹೆಪ್ಪನ್ನು ಹಾಳುಮಾಡುತ್ತವೆ. ನೋವೆದ್ದ ಕೂಡಲೇ ಔಷಧದಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವ ನಮ್ಮ ಅಭ್ಯಾಸ ಅದಕ್ಕೇ ನನ್ನನ್ನು ಕಳವಳಗೊಳಿಸುತ್ತದೆ. ಕರಗಿಹೋದ ಹೆಪ್ಪನ್ನು ಯಾವ ಗುಳಿಗೆಯೂ ಮರಳಿ ಕೂರಿಸಲಾರದು. ಮುಂಜಾಗ್ರತೆಗೆಂದು ಕೊಟ್ಟರೂ ಲಾಭ ಸಣ್ಣದು: ಒಬ್ಬರನ್ನು ಡ್ರೈ ಸಾಕೆಟ್‌ನಿಂದ ಉಳಿಸಲು ಸುಮಾರು 46 ಮಂದಿಗೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ ಎಂದು ಕಾಕ್ರೇನ್ ಸಂಸ್ಥೆಯ 2021ರ ಪರಾಮರ್ಶೆ ಅಂದಾಜಿಸಿತು. ಉಳಿದವರ ಪಾಲಿಗೆ ಬರುವುದು ಭೇದಿ, ಅಲರ್ಜಿಯ ಅಪಾಯ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ.

ಹಾಗಾದರೆ ತಡೆಯುವುದು ಹೇಗೆ? ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾನಾಶಕ ದ್ರಾವಣದಿಂದ ಹಲ್ಲು ಕೀಳುವ ಮೊದಲೂ ಆನಂತರವೂ ಬಾಯಿ ಮುಕ್ಕಳಿಸುವುದು, ಅಥವಾ ಅದರ 0.2 ಶೇಕಡಾ ಜೆಲ್ಲನ್ನು ಕುಳಿಯಲ್ಲಿಡುವುದು ಡ್ರೈ ಸಾಕೆಟ್ ಬರುವುದನ್ನು ತಗ್ಗಿಸುತ್ತದೆ ಎಂಬುದಕ್ಕೆ ಪುರಾವೆಯಿದೆ. ಅಪರೂಪಕ್ಕೆ ಇದಕ್ಕೂ ಅಲರ್ಜಿಯಾಗುವವರಿದ್ದಾರೆ. ವೈದ್ಯರು ಕೇಳಿಯೇ ಕೊಡಬೇಕು. ಡ್ರೈ ಸಾಕೆಟ್ ಬಂದ ಮೇಲಿನ ಚಿಕಿತ್ಸೆ ಸರಳ: ಕುಳಿಯನ್ನು ಲವಣದ್ರಾವಣದಿಂದ ತೊಳೆದು, ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಇರುವ ಔಷಧವನ್ನು ಇಡುತ್ತಾರೆ. ಎಷ್ಟೋ ಜನರಿಗೆ ಕುರ್ಚಿಯಿಂದ ಏಳುವ ಮೊದಲೇ ನೋವು ಇಳಿಯುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಹೊಸ ಊತಕ ಬೆಳೆದು ಮೂಳೆಯನ್ನು ಮುಚ್ಚುತ್ತದೆ.

ನಮ್ಮಲ್ಲಿ ನೋವು ತಡೆಯಲಾಗದೆ ಓಡಿಬಂದವರ ಹಲ್ಲನ್ನು ಅದೇ ಗಳಿಗೆಯಲ್ಲಿ ಕೀಳಬೇಕಾದ ಪರಿಸ್ಥಿತಿ ಎಷ್ಟೋ ಸಲ ಬರುತ್ತದೆ. ಆಗ ಬಾಯಿ ಶುಚಿಮಾಡಲು ವ್ಯವಧಾನವಿರುವುದಿಲ್ಲ. ಆದರೆ ದಿನ ಗೊತ್ತುಮಾಡಿ ತೆಗೆಯುವ ಬುದ್ಧಿಹಲ್ಲಿಗೆ ಈ ಅವಸರವಿಲ್ಲ. ಅಂಥವರಿಗೆ ಮೊದಲು ಹಲ್ಲಿನ ಪಾಚಿ ತೆಗೆಸಿ, ವಸಡಿನ ಬಾವು ಇಳಿಸಿ, ಬೀಡಿ ಬಿಡಿಸಿ, ಆಮೇಲೆ ಇಕ್ಕಳ ಕೈಗೆತ್ತಿಕೊಳ್ಳಿ ಎಂದು ಇಲ್ಲಿರುವ ಯುವ ದಂತವೈದ್ಯರನ್ನು ಕೇಳಿಕೊಳ್ಳುತ್ತೇನೆ.