ಗೊಣಗಾಟವೂ ಅಹವಾಲೂ



ಸದಾ ಕೊರಗುವವರಿಗೆ ನಮ್ಮ ಆಡುನುಡಿಯಲ್ಲಿ ಹೆಸರುಗಳ ಬಡತನವಿಲ್ಲ. ಅಳುವುದೇ ಸ್ವಭಾವವಾದವನು ಅಳುಬುರುಕ. ಮಾತುಮಾತಿಗೆ ರೇಗುವವನು ಸಿಡುಕ. ಬಾಯೊಳಗೇ ಆಡಿಕೊಂಡರೆ ಗೊಣಗೊಣ, ಬಿಡದೆ ಬೆನ್ನು ಹತ್ತಿದರೆ ಪಿರಿಪಿರಿ, ಉತ್ತರಕ್ಕೆ ಎಡೆಗೊಡದಿದ್ದರೆ ವಟವಟ. ಕಿವಿ ಕೇಳಿದ ಸದ್ದನ್ನೇ ನಾಲಗೆ ಹಿಡಿದಿಟ್ಟ ಈ ಶಬ್ದಗಳನ್ನು ವೈಯಾಕರಣರು ಅನುಕರಣಾವ್ಯಯಗಳೆನ್ನುವರು. ಅಕ್ಕಲಕೋಟೆ, ಜತ್ತ ಸೀಮೆಯ ನಾವು ನೆರೆಯ ಮರಾಠಿಯ ಕುರಕುರವನ್ನೂ ತಕ್ರಾರಖೋರನನ್ನೂ ಬಲ್ಲೆವು. ತಕರಾರು ಅರಬ್ಬಿಯಿಂದ ಬಂದ ಮಾತು. ಅಲ್ಲಿ ಅದರ ಅರ್ಥ ಪುನರಾವರ್ತನೆ. ಹೇಳಿದ್ದನ್ನೇ ಹೇಳುವುದು ಅದರ ಹುಟ್ಟುಗುಣ.

ಆದರೆ ಕನ್ನಡ ಶಾಲೆಗೆ ಶಿಕ್ಷಕರು ಬೇಕು, ಪುಸ್ತಕಗಳು ವೇಳೆಗೆ ಬರಬೇಕು ಎಂದು ಕೇಳಿದವರನ್ನೂ ಇದೇ ಹೆಸರುಗಳಿಂದ ಕರೆದುದುಂಟು. ನಾವೇ ಕರೆದುದೂ ಉಂಟು. ಆ ಹೆಸರಿಗೆ ಅಂಜಿ ತಂದೆತಾಯಿಗಳು ಸುಮ್ಮನಾದರೆ ನಷ್ಟ ಮಕ್ಕಳದು. ಗೊಣಗಾಟ ಕಟ್ಟೆಯ ಮೇಲೆ ಹುಟ್ಟಿ ಅಲ್ಲಿಯೇ ಸಾಯುತ್ತದೆ. ಅಹವಾಲಿಗೆ ತಾರೀಖುಂಟು, ಸಹಿಯುಂಟು, ಸೇರಬೇಕಾದ ಕಚೇರಿಯುಂಟು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗಿತ್ತಿದೆ. 1956ರಲ್ಲಿ ಸೇರಿದ 350ಎ ವಿಧಿಯಂತೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿದೆ.

ಆದುದರಿಂದ ಕಟ್ಟೆಯ ಗೊಣಗಾಟವನ್ನು ಬಿಡೋಣ. ಕನ್ನಡದಲ್ಲಿಯೇ ಮನವಿ ಬರೆಯೋಣ. ಉತ್ತರ ಬಾರದಿದ್ದರೆ ಮತ್ತೆ ಬರೆಯೋಣ. ತಕರಾರಿನ ಹುಟ್ಟುಗುಣ ಅಲ್ಲಿ ನಮಗೆ ಒದಗಲಿ.