ತಾಲ್ಲೂಕಿನ ಸ್ವಿಚ್ಚು: ನಿರ್ವಹಣೆ ಮತ್ತು ಲಭ್ಯತೆ



ಕಂಪ್ಯೂಟರ್ ಜಾಲದ ಸ್ವಿಚ್ಚನ್ನು ಕುರಿತ ಈ ವಿಚಾರಗೋಷ್ಠಿಯು ರಾಯಚೂರಿನಲ್ಲಿ ನೆರೆದಿರುವುದು ಉಚಿತವಾಗಿಯೇ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗವು ಚಾಲನೆಗೊಂಡು, ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಏಕಾವರ್ತನದಲ್ಲಿ ಬೆರೆತದ್ದು ಈ ನೆಲದಿಂದಲೇ. ಅಂತಹ ಬೆಸುಗೆಯನ್ನು ಒಂದೇ ತಂತಿಮಾರ್ಗದ ಮೇಲೆ ನಿಲ್ಲಿಸಲಾಗದೆಂಬ ವಿವೇಕದಿಂದ ಯೋಜಿತವಾಗಿದ್ದ ಎರಡನೆಯ ಮಾರ್ಗವೂ ಮರುವರ್ಷ ಬಂದು ಸೇರಿತು.

ಅದೇ ವಿವೇಕ ಕಂಪ್ಯೂಟರ್ ಜಾಲಕ್ಕೂ ಬೇಕು. ಅದರ ಲಭ್ಯತೆಯ ಲೆಕ್ಕದಲ್ಲಿ ಎರಡೇ ಅಂಶಗಳುಂಟು: ಯಂತ್ರವು ಕೆಡದೆ ನಡೆಯುವ ಸರಾಸರಿ ಕಾಲ, ಕೆಟ್ಟದ್ದನ್ನು ಸರಿಪಡಿಸಲು ಹಿಡಿಯುವ ಕಾಲ. ಶೇಕಡಾ 99.9 ಎಂದರೆ ವರ್ಷಕ್ಕೆ 8.76 ಗಂಟೆಗಳ ಸ್ತಂಭನ, 99.999 ಎಂದರೆ ಸುಮಾರು 5.26 ನಿಮಿಷ. ತಯಾರಕರು ಮೊದಲನೆಯ ಅಂಶವನ್ನೇ ಲಕ್ಷಾಂತರ ಗಂಟೆಗಳಲ್ಲಿ ಕೊಂಡಾಡುತ್ತಾರೆ. ಆದರೆ ದೇವದುರ್ಗವಾಗಲಿ ಮಾನ್ವಿಯಾಗಲಿ ಜಿಲ್ಲಾಕೇಂದ್ರದಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವಾಗ, ತಂತ್ರಜ್ಞನು ಬಸ್ಸು ಹಿಡಿದು ಹೋಗಿ, ಬೀಗದಕೈ ಇಟ್ಟುಕೊಂಡವರನ್ನು ಹುಡುಕಿ, ಕಪಾಟನ್ನು ತೆರೆಯಿಸುವಷ್ಟರಲ್ಲಿ ಹಲವು ವರ್ಷಗಳ ನಿಮಿಷಗಳೆಲ್ಲ ಒಂದೇ ಬೆಳಗಿನಲ್ಲಿ ವ್ಯಯವಾಗಿರುತ್ತವೆ. ಆದಕಾರಣ ನಮ್ಮ ತಾಲ್ಲೂಕುಗಳ ಮಟ್ಟಿಗೆ ದೂರದಿಂದ ನಿರ್ವಹಿಸಬಲ್ಲ ಸೌಕರ್ಯವೇ ಲಭ್ಯತೆಯ ಬಹುಭಾಗವೆಂಬುದು ನನ್ನ ನಿಲುವು.

ರಾಜ್ಯಗಳ ವ್ಯಾಪಕ ಜಾಲದ ಯೋಜನೆಗೆ ಕೇಂದ್ರ ಸರ್ಕಾರವು 2005ರಲ್ಲಿ ಒಪ್ಪಿಗೆಯಿತ್ತ ಬಳಿಕ ತಾಲ್ಲೂಕು ಕೇಂದ್ರಗಳೂ ರಾಜಧಾನಿಯೊಡನೆ ಬೆಸೆದುಕೊಂಡವು. ಪಹಣಿಗಾಗಿ ಸಾಲುಗಟ್ಟಿ ನಿಂತ ರೈತನಿಗೆ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆಯುವುದುಂಟು; ಬೆಂಗಳೂರಿನ ಸರ್ವರು ಸುಸ್ಥಿತಿಯಲ್ಲಿದ್ದು, ರೈತ ನಿಂತ ತಾಲ್ಲೂಕು ಕಚೇರಿಯ ಸ್ವಿಚ್ಚಿನ ಪ್ಲಗ್ಗು ಸಡಿಲವಾಗಿರುವುದೂ ಉಂಟು.

ದೋಷ ಸರ್ವರಿನದೋ ಸ್ವಿಚ್ಚಿನದೋ ಎಂದು ಕುಳಿತಲ್ಲಿಂದಲೇ ವಿವೇಚಿಸುವುದಕ್ಕೆ 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯಿದೆ. ಅದರ ಮೂರನೆಯ ಆವೃತ್ತಿಯಲ್ಲಿ ಗೂಢಲಿಪಿಯ ರಕ್ಷಣೆಯಿದ್ದರೂ, ಹಳೆಯ ಆವೃತ್ತಿಯನ್ನೇ ‘ಪಬ್ಲಿಕ್’ ಎಂಬ ಮೂಲ ಗುಪ್ತಪದದೊಡನೆ ಬಿಟ್ಟಿರುವ ಔದಾರ್ಯವನ್ನು ಏನೆಂದು ವರ್ಣಿಸಲಿ! ಇದಕ್ಕಿಂತಲೂ ಸೂಕ್ಷ್ಮವಾದ ಸಂಕಟ ಮತ್ತೊಂದಿದೆ. ರಾಯಚೂರಿನಲ್ಲಿ ಕುಳಿತು ದೇವದುರ್ಗದ ಸ್ವಿಚ್ಚಿನ ವಿನ್ಯಾಸವನ್ನು ತಿದ್ದುವಾತನು ಒಂದು ಸಾಲನ್ನು ತಪ್ಪಾಗಿ ಬರೆದನೆಂದರೆ ತನ್ನ ಪ್ರವೇಶದ್ವಾರವನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಹತ್ತು ನಿಮಿಷಗಳ ಅನಂತರ ತಾನಾಗಿ ಮರುಚಾಲನೆಗೊಳ್ಳುವಂತೆ ಯಂತ್ರಕ್ಕೆ ಮೊದಲೇ ಆಜ್ಞೆಯಿತ್ತು, ತಿದ್ದುಪಡಿ ಫಲಿಸಿದರೆ ಆಜ್ಞೆಯನ್ನು ಹಿಂತೆಗೆದು ಉಳಿಸುವುದು, ಸಂಪರ್ಕ ಕಡಿದರೆ ಯಂತ್ರವು ಹಳೆಯ ವಿನ್ಯಾಸದೊಡನೆ ಮತ್ತೆ ಏಳುವಂತೆ ಬಿಡುವುದು: ಈ ಒಂದು ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ. ಫರ್ಮ್‌ವೇರಿನ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವ ಸ್ವಿಚ್ಚೂ, ಜಾಲವೇ ಮಲಗಿದಾಗ ಕನ್ಸೋಲ್ ಪೋರ್ಟನ್ನು ತಲುಪಿಸುವ ಮೊಬೈಲ್ ಮೋಡೆಮ್ಮೂ ಇದೇ ಪ್ರಯೋಜನಕ್ಕೆ ಬರುವಂಥವು.

ಇಮ್ಮಡಿ ವ್ಯವಸ್ಥೆಯ ಬಗ್ಗೆ ಗ್ರಂಥಗಳು ಸಾಕಷ್ಟು ಹೇಳಿವೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ರಚಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನವು, ಹೆಚ್ಚುವರಿ ಮಾರ್ಗಗಳಿಂದ ಜಾಲದಲ್ಲಿ ಸುಳಿ ಏಳದಂತೆ ಒಂದನ್ನು ತಡೆದಿರಿಸಿ, ಮುಖ್ಯ ಮಾರ್ಗ ಕಡಿದಾಗ ಅದನ್ನು ತೆರೆಯುತ್ತದೆ. ಆ ಮೂಲವಿಧಾನಕ್ಕೆ 30ರಿಂದ 50 ಸೆಕೆಂಡುಗಳು ಹಿಡಿಯುತ್ತಿದ್ದು, 2001ರ ಪರಿಷ್ಕೃತ ವಿಧಾನವು ಅದನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿತು. ಆದರೆ ಎರಡು ಪವರ್ ಸಪ್ಲೈಗಳುಳ್ಳ ದುಬಾರಿ ಸ್ವಿಚ್ಚನ್ನು ಕೊಂಡು, ಎರಡನ್ನೂ ಒಂದೇ ಯುಪಿಎಸ್ಸಿಗೆ ಸಿಕ್ಕಿಸುವುದು ಒಂದೇ ಗೂಟಕ್ಕೆ ಎರಡು ಹಗ್ಗ ಬಿಗಿದಂತೆಯೇ ಸರಿ. ನಲವತ್ತು ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ, ಗಾಳಿಯಾಡದ ಕಪಾಟಿನೊಳಗೆ, ಧೂಳು ತುಂಬಿದ ಫ್ಯಾನಿನೊಡನೆ ಬೇಯುತ್ತಿರುವ ಯಂತ್ರವು ತಾಪದ ಎಚ್ಚರಿಕೆಯನ್ನು ಕಳುಹಿಸುತ್ತಿದ್ದರೂ, ಅದನ್ನು ಓದುವವರು ಯಾರೆಂದು ಎಷ್ಟು ಕಚೇರಿಗಳಲ್ಲಿ ಗೊತ್ತುಮಾಡಿದ್ದಾರೆ?

ಕೊನೆಯದಾಗಿ ಗೋಷ್ಠಿಯ ಮುಂದೆ ಒಂದು ನಿರ್ದಿಷ್ಟ ಪ್ರಶ್ನೆಯನ್ನಿಡುತ್ತೇನೆ. ರಾಯಚೂರಿನಿಂದ ದೇವದುರ್ಗಕ್ಕೊಂದು, ಮಾನ್ವಿಗೊಂದು ಎಂದು ಕವಲೊಡೆಯುವ ಜಾಲದಲ್ಲಿ, ರಸ್ತೆ ಅಗೆಯುವ ಜೆಸಿಬಿಯೊಂದು ಫೈಬರನ್ನು ಕಡಿದರೆ ಆ ಊರು ಒಂಟಿಯಾಗುತ್ತದೆ. ಸಿರವಾರದ ಮಾರ್ಗವಾಗಿ ದೇವದುರ್ಗ–ಮಾನ್ವಿಗಳನ್ನು ಕೂಡಿಸಿ ವಲಯವನ್ನು ಪೂರ್ಣಗೊಳಿಸಿದರೆ, ಜಿ.8032 ಎಂಬ ವಲಯರಕ್ಷಣೆಯ ವಿಧಾನದಿಂದ 50 ಮಿಲಿಸೆಕೆಂಡುಗಳೊಳಗೆ ಸಂಚಾರವನ್ನು ಮತ್ತೊಂದು ದಿಕ್ಕಿಗೆ ತಿರುಗಿಸಬಹುದು. ಆ ಮೂರನೆಯ ಭುಜದ ವೆಚ್ಚವನ್ನೂ, ಅದಿಲ್ಲದೆ ಎರಡು ತಾಲ್ಲೂಕುಗಳ ಜನ ಕಳೆದುಕೊಳ್ಳುತ್ತಿರುವ ಕೆಲಸದ ದಿನಗಳನ್ನೂ ಮಧ್ಯಾಹ್ನದ ಅಧಿವೇಶನದಲ್ಲಿ ಒಟ್ಟಿಗೆ ಲೆಕ್ಕಹಾಕಬೇಕೆಂದು ಕೋರಿ, ಗೋಷ್ಠಿಯನ್ನು ತಮಗೆ ಒಪ್ಪಿಸುತ್ತೇನೆ.