ಸ್ಪ್ರಿಂಗು ಹೇಳುವ ಲೆಕ್ಕ

(ಕಲಿಕಾ ಕೇಂದ್ರದ ತಾಯಂದಿರ ಸಭೆಯಲ್ಲಿ ಆಡಿದ ಮಾತು)



ನಾವೀಗ ಅಕ್ಷರ ಕಲಿತಿದ್ದೇವೆ. ಅಂಕಿ ಕಲಿತಿದ್ದೇವೆ. ಕಲಿತ ಅಂಕಿ ಎಲ್ಲಿ ಕೆಲಸಕ್ಕೆ ಬರುತ್ತೆ? ಸಂತೆಯಲ್ಲಿ ಬರುತ್ತೆ. ಅಂಗನವಾಡಿಯಲ್ಲಿ ಬರುತ್ತೆ. ಗ್ಯಾಸ್ ಸಿಲಿಂಡರು ಬಾಗಿಲಿಗೆ ಬಂದಾಗ ಬರುತ್ತೆ. ಈ ಮೂರೂ ಕಡೆ ನಾವು ಕಂಡಿರುವ ಒಂದು ವಸ್ತು ಇದೆ. ಅದು ತೂಗುಹಾಕುವ ಸ್ಪ್ರಿಂಗ್ ತಕ್ಕಡಿ. ಅದರ ಹೊಟ್ಟೆಯೊಳಗೆ ಇರೋದು ಒಂದು ಸ್ಪ್ರಿಂಗು. ಇವತ್ತು ಆ ಸ್ಪ್ರಿಂಗಿನ ವಿಚಾರ ಮಾತಾಡೋಣ.

ಎಳೆದಷ್ಟೂ ಹಿಗ್ಗುತ್ತೆ

ಸ್ಪ್ರಿಂಗು ಅಂದರೆ ಸುರುಳಿ ಸುತ್ತಿದ ಉಕ್ಕಿನ ತಂತಿ. ಎಳೆದರೆ ಹಿಗ್ಗುತ್ತೆ. ಬಿಟ್ಟರೆ ಮೊದಲಿನ ಹಾಗೆ ಕುಗ್ಗುತ್ತೆ.

ಒಂದು ಸ್ಪ್ರಿಂಗನ್ನು ಮೊಳೆಗೆ ತೂಗುಹಾಕೋಣ. ಅದರ ತುದಿಗೆ ಒಂದು ಕಿಲೋ ಉಪ್ಪಿನ ಪೊಟ್ಟಣ ಕಟ್ಟೋಣ. ಸ್ಪ್ರಿಂಗು ಎರಡು ಬೆರಳಿನಷ್ಟು ಇಳಿಯಿತು ಅನ್ನಿ. ಎರಡು ಪೊಟ್ಟಣ ಕಟ್ಟಿದರೆ ನಾಲ್ಕು ಬೆರಳು ಇಳಿಯುತ್ತೆ. ಮೂರು ಕಟ್ಟಿದರೆ ಆರು ಬೆರಳು. ಭಾರ ಎಷ್ಟು ಪಟ್ಟೋ, ಹಿಗ್ಗುವುದೂ ಅಷ್ಟೇ ಪಟ್ಟು.

ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಪುಸ್ತಕ ಬರೆದು ತಿಳಿಸಿದರು. ತಕ್ಕಡಿಯ ಮೇಲಿನ ಗೆರೆಗಳು ಒಂದೇ ಸಮನಾದ ದೂರದಲ್ಲಿ ಇವೆಯಲ್ಲ? ಅದಕ್ಕೆ ಈ ನಿಯಮವೇ ಕಾರಣ.

ಸ್ಪ್ರಿಂಗಿನಲ್ಲಿ ಶಕ್ತಿ ಕೂತಿರುತ್ತೆ

ಇಲಿ ಬೋನಿನ ಬಾಗಿಲನ್ನು ನಾವು ಕೈಯಿಂದ ಎಳೆದು ಕೊಕ್ಕೆಗೆ ಸಿಕ್ಕಿಸುತ್ತೇವೆ. ರಾತ್ರಿ ಇಲಿ ಬಂದು ತಿಂಡಿ ಎಳೆಯುತ್ತೆ. ಬಾಗಿಲು ಫಟ್ಟನೆ ಮುಚ್ಚಿಕೊಳ್ಳುತ್ತೆ. ಆಗ ನಾವು ಮಲಗಿರುತ್ತೇವೆ. ಬಾಗಿಲು ಮುಚ್ಚಿದ್ದು ಯಾರ ಶಕ್ತಿ? ನಮ್ಮದೇ. ಸಂಜೆ ನಾವು ಎಳೆದ ಶಕ್ತಿ ಸ್ಪ್ರಿಂಗಿನಲ್ಲಿ ಉಳಿದಿತ್ತು. ಹುಂಡಿಯಲ್ಲಿ ಹಾಕಿಟ್ಟ ದುಡ್ಡಿನ ಹಾಗೆ.

ಆದರೆ ಈ ಹುಂಡಿಯ ಲೆಕ್ಕ ಬೇರೆ. ಸ್ಪ್ರಿಂಗನ್ನು ಎರಡು ಪಟ್ಟು ಎಳೆದರೆ ಶಕ್ತಿ ನಾಲ್ಕು ಪಟ್ಟು ಸೇರುತ್ತೆ. ಯಾಕೆ? ಎಳೆಯುವ ದೂರ ಎರಡು ಪಟ್ಟು. ಹಾಕಬೇಕಾದ ಬಲವೂ ಎರಡು ಪಟ್ಟು. ಎರಡೆರಡಲ ನಾಲ್ಕು. ಮೂರು ಪಟ್ಟು ಎಳೆದರೆ ಮೂರು ಮೂರಲ ಒಂಬತ್ತು. ಅದಕ್ಕೇ ಬಹಳ ಎಳೆದ ಸ್ಪ್ರಿಂಗು ತಪ್ಪಿಸಿಕೊಂಡರೆ ಕಣ್ಣಿಗೇ ಅಪಾಯ. ಮಕ್ಕಳಿಗೆ ಇದನ್ನು ಹೇಳಿಕೊಡೋಣ.

ಮಿತಿ ಮೀರಿದರೆ ಕೆಟ್ಟಿತು

ಲಂಗದ ಇಲಾಸ್ಟಿಕ್ಕು ಎಳೆದೂ ಎಳೆದೂ ಸಡಿಲವಾಗುವುದನ್ನು ನೋಡಿದ್ದೇವೆ. ಸ್ಪ್ರಿಂಗಿಗೂ ಒಂದು ಮಿತಿ ಇದೆ. 10 ಕಿಲೋ ತೂಗುವ ತಕ್ಕಡಿಗೆ ಭಾರೀ ಮೂಟೆ ತೂಗುಹಾಕಿದರೆ ಸ್ಪ್ರಿಂಗು ಮತ್ತೆ ಪೂರ್ತಿ ಕುಗ್ಗುವುದಿಲ್ಲ. ಬರಿದಾಗಿದ್ದರೂ ಮುಳ್ಳು ಸೊನ್ನೆಗೆ ಬರುವುದಿಲ್ಲ.

ಇಲ್ಲೇ ನಮಗೆ ನಷ್ಟ. ಬರೀ ತಕ್ಕಡಿಯ ಮುಳ್ಳು 200 ಗ್ರಾಂ ತೋರಿಸುತ್ತಿದೆ ಅನ್ನಿ. ನಾವು ಒಂದು ಕಿಲೋ ಬೇಳೆಗೆ ದುಡ್ಡು ಕೊಡುತ್ತೇವೆ. ಸಿಗೋದು 800 ಗ್ರಾಂ ಮಾತ್ರ. ಐದು ಸಲ ಕೊಂಡರೆ ಒಂದು ಕಿಲೋ ಬೇಳೆ ಹೋಯಿತು. ಅದು ನಮ್ಮ ಮಕ್ಕಳ ತಟ್ಟೆಯ ಬೇಳೆ.

ಆದ್ದರಿಂದ ತೂಗುವ ಮೊದಲು ಮುಳ್ಳು ನೋಡೋಣ. ಖಾಲಿ ತಟ್ಟೆ ತೂಗುಹಾಕಿದಾಗ ಮುಳ್ಳು ಸೊನ್ನೆಯ ಮೇಲೇ ನಿಲ್ಲಬೇಕು. ಸೊನ್ನೆ ಸರಿ ಇದ್ದರೂ ಸ್ಪ್ರಿಂಗು ಸರಿ ಇಲ್ಲದೆ ಇರಬಹುದು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಒಡೆಯದ ಒಂದು ಕಿಲೋ ಉಪ್ಪಿನ ಪೊಟ್ಟಣ ತೂಗುಹಾಕಿ. ಮುಳ್ಳು 1ರ ಹತ್ತಿರ ನಿಲ್ಲಬೇಕು. ಎರಡು ಪೊಟ್ಟಣ ಹಾಕಿದರೆ 2ರ ಹತ್ತಿರ.

ನಾವು ಹುಣಸೆಹಣ್ಣು ಮಾರುವಾಗಲೂ ಹೀಗೇ ನೋಡಬೇಕು. ಗಟ್ಟಿ ಸ್ಪ್ರಿಂಗು ಕಡಿಮೆ ಹಿಗ್ಗುತ್ತೆ. ಆಗ ಮುಳ್ಳು ಕಡಿಮೆ ತೋರಿಸುತ್ತೆ. ನಮ್ಮ ಹಣ್ಣು ಹೆಚ್ಚು ಹೋಗುತ್ತೆ, ದುಡ್ಡು ಕಡಿಮೆ ಬರುತ್ತೆ. ಕೆಳಗಿನಿಂದ ಯಾರಾದರೂ ಕೈ ಆಸರೆ ಕೊಟ್ಟರೂ ಅಷ್ಟೇ.

ಸಿಲಿಂಡರು ಮತ್ತು ಮಗು

ಮನೆಗೆ ಬರುವ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತೆ. ಅಲ್ಲಿ 15.3 ಎಂದಿದ್ದರೆ ಒಟ್ಟು 29.5 ಕಿಲೋ ತೂಗಬೇಕು. "ತೂಕ ಮಾಡಿ ತೋರಿಸಪ್ಪಾ" ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ಮಗುವಿನ ತೂಕ. ಕರ್ನಾಟಕದಲ್ಲಿ ಅಂಗನವಾಡಿ ಕೆಲಸ 1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಯಿತು. ಅಂಗನವಾಡಿಗಳಲ್ಲಿ ಮಕ್ಕಳನ್ನು ಬಹಳ ಕಾಲ ತೂಗಿದ್ದು ಸ್ಪ್ರಿಂಗ್ ತಕ್ಕಡಿಯಲ್ಲೇ. ಈಗ ಹಲವು ಕಡೆ ಬ್ಯಾಟರಿ ತಕ್ಕಡಿ ಬಂದಿದೆ. ಸ್ಪ್ರಿಂಗ್ ತಕ್ಕಡಿ ಇರುವ ಕಡೆ ಮೊದಲು ಖಾಲಿ ಜೋಲಿ ತೂಗುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಮಗುವಿನ ಕಾಲು ನೆಲಕ್ಕೆ ತಾಗಬಾರದು. ತಾಗಿದರೆ ಅರ್ಧ ಭಾರ ನೆಲದ ಪಾಲಾಗಬಹುದು.

ಹುಟ್ಟಿದಾಗ 3 ಕಿಲೋ ಇದ್ದ ಮಗು ಐದಾರು ತಿಂಗಳಿಗೆ ಸುಮಾರು 6 ಕಿಲೋ ಆಗಬೇಕು. ವರ್ಷ ತುಂಬುವಾಗ ಸುಮಾರು 9 ಕಿಲೋ. ತಪ್ಪು ತೂಕ ಬರೆದರೆ ಸೊರಗಿದ ಮಗುವೂ ಚೆನ್ನಾಗಿದೆ ಅಂತ ಕಾಣುತ್ತೆ. ಆರೈಕೆ ತಡವಾಗುತ್ತೆ.

ಕೇಳೋಣ, ನೋಡೋಣ

ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಇರಬೇಕು. 2009ರ ಕಾಯಿದೆ ಹಾಗೆ ಹೇಳುತ್ತೆ. ತೂಕದಲ್ಲಿ ಮೋಸ ಕಂಡರೆ 1915 ನಂಬರಿಗೆ ಫೋನು ಮಾಡಿ ಗ್ರಾಹಕರ ಸಹಾಯ ಕೇಳಬಹುದು. ಕಾಸು ಖರ್ಚಿಲ್ಲ.

ಒಬ್ಬಳೇ ಕೇಳಲು ಅಂಜಿಕೆ ಆದೀತು. ನಾಲ್ಕು ಜನ ಸೇರಿ ಕೇಳೋಣ. ಜಗಳ ಬೇಡ. "ಅಣ್ಣಾ, ಮುಳ್ಳು ಸೊನ್ನೆಗೆ ತನ್ನಿ" ಅಂದರೆ ಸಾಕು. ಅಂಕಿ ಓದಬಲ್ಲ ಹೆಣ್ಣುಮಗಳು ತಕ್ಕಡಿ ಮುಂದೆ ನಿಂತರೆ ತೂಗುವ ಕೈ ತಾನಾಗಿ ಹುಷಾರಾಗುತ್ತೆ.

ಬರುವ ಸಂತೆಗೆ ಹೋಗುವಾಗ ಒಂದು ಉಪ್ಪಿನ ಪೊಟ್ಟಣ ಚೀಲದಲ್ಲಿ ಇರಲಿ.